ಕೂಲೆಂಟ್ ಚೇಂಜ್ ಮಾಡಿದ್ಮೇಲೆ ಕೈಮರ ದಾಟ್ತಿದ್ದಂಗೆ ಟೆಂಪರೇಚರ್ ಮುಳ್ಳು ಮೇಲಕ್ಕೆ

ಗಿರಿಗಾಡಿ, ಚಿಕ್ಕಮಗಳೂರು:
ನಂದು 2012ರ ಪೆಟ್ರೋಲ್ ಕಾರು, ಹೋದ ಭಾನುವಾರ ಮನೇಲೇ ಕೂಲೆಂಟ್ (ಇಂಜಿನ್ ತಣ್ಣಗಿಡೋ ದ್ರವ) ಚೇಂಜ್ ಮಾಡ್ದೆ. ಕೆಳಗಿನ ಹೋಸ್ ಬಿಚ್ಚಿದ್ರೆ ಡಿಕಾಕ್ಷನ್ ಥರ ನೀರು ಬಂತು, ಬೋರ್‌ವೆಲ್ ನೀರಲ್ಲಿ ಎರಡು ಸಲ ತೊಳ್ದು ಹೊಸಾ ಹಸಿರು ಕೂಲೆಂಟ್ ತುಂಬ್ಸಿ ಕ್ಯಾಪ್ ಹಾಕ್ದೆ. ಟೌನಲ್ಲಿ ಏನೂ ತೊಂದ್ರೆ ಇಲ್ಲ. ನಿನ್ನೆ ನೆಂಟ್ರನ್ನ ಕೂರಿಸ್ಕೊಂಡು ಸೀತಾಳಯ್ಯನಗಿರಿಗೆ ಹೊರಟ್ರೆ ಕೈಮರ ದಾಟಿ ಏರು ಶುರುವಾಗಿದ್ದೇ ತಡ ಮುಳ್ಳು ಮುಕ್ಕಾಲಿಗೆ ಹೋಯ್ತು, ಸೈಡಿಗೆ ಹಾಕಿ ಅರ್ಧ ಗಂಟೆ ನಿಂತ್ವಿ, ಮಾವ ಬೇರೆ "ಹೊಸಾ ಗಾಡಿ ತಗೊಳ್ಳಪ್ಪ" ಅಂತ. ಲೀಕ್ ಇಲ್ಲ, ಫ್ಯಾನ್ ತಿರುಗ್ತಿದೆ. ಮೆಕ್ಯಾನಿಕ್ ಒಬ್ರು ಥರ್ಮೋಸ್ಟಾಟ್ (ಇಂಜಿನ್ ಬಿಸಿಯಾಗೋ ತನಕ ಕೂಲೆಂಟ್‌ನ ರೇಡಿಯೇಟರ್‌ಗೆ ಬಿಡದ ವಾಲ್ವ್) ತೆಗೆದು ಎಸೀರಿ ಅಂದ್ರು. ಎಸೀಲಾ?

ಮೂಡಿಗೆರೆ ಮೆಣಸು:
ಅದನ್ನ ಮುಟ್ಬೇಡಿ ಮಾರಾಯ್ರೆ. ಹೀಟರ್ ಹಾಕಿದ್ರೆ ಬಿಸಿ ಗಾಳಿ ಬರುತ್ತಾ?

ಗಿರಿಗಾಡಿ:
ಈಗ ನೋಡ್ದೆ ಸರ್. ಐಡಲ್‌ನಲ್ಲಿ ತಣ್ಣಗೆ, ಆಕ್ಸಿಲರೇಟರ್ ಒತ್ತಿದ್ರೆ ಸ್ವಲ್ಪ ಬೆಚ್ಚಗೆ. ಮ್ಯಾನ್ಯುಯಲ್ ಪ್ರಕಾರ 4 ಲೀಟರ್, ಹಿಡಿದಿದ್ದು ಮೂರೇ.

ಮೂಡಿಗೆರೆ ಮೆಣಸು:
ಹಂಗಾದ್ರೆ ಏರ್ ಲಾಕೇ ಇರ್ಬೇಕು. ಲೀಟರ್ ಲೆಕ್ಕ ನಂಬ್ಬೇಡಿ, ಹೋಸ್ ಬಿಚ್ಚಿದ್ರೂ ಇಂಜಿನ್ ಬ್ಲಾಕ್ ಒಳಗಿನ ನೀರು ಪೂರ್ತಿ ಇಳಿಯಲ್ಲ, ನಂಬ್ಬೇಕಾದ್ದು ಹೀಟರ್‌ನ, ಅದು ಬಿಸಿಯಾಗೋದೂ ಇದೇ ಕೂಲೆಂಟ್ ಹರಿದ್ರೇನೇ. ಹೀಟರ್ ಪೈಪಲ್ಲಿ ಗಾಳಿ ಕೂತಿದೆ, ಐಡಲ್‌ನಲ್ಲಿ ಪಂಪ್‌ಗೆ ಅದನ್ನ ತಳ್ಳೋ ಶಕ್ತಿ ಇಲ್ಲ. ಬೆಳಿಗ್ಗೆ ಇಂಜಿನ್ ಪೂರ್ತಿ ತಣ್ಣಗಿದ್ದಾಗ (ಬಿಸಿ ಇದ್ದಾಗ ಕ್ಯಾಪ್ ತೆಗೆದ್ರೆ ಮುಖ ಸುಟ್ಕೋತೀರ) ಏರಲ್ಲಿ ಮೂತಿ ಮೇಲ್ಮಾಡಿ ನಿಲ್ಸಿ, ಹ್ಯಾಂಡ್‌ಬ್ರೇಕ್ ಎಳ್ದು ಚಕ್ರಕ್ಕೆ ಕಲ್ಲು ಕೊಡಿ, ರೇಡಿಯೇಟರ್ ಕ್ಯಾಪ್ ತೆಗೆದು ಹೀಟರ್ ಫುಲ್ ಹಾಟ್‌ಗಿಟ್ಟು ಸ್ಟಾರ್ಟ್ ಮಾಡಿ. 85 ಡಿಗ್ರಿ ಆಸುಪಾಸಲ್ಲಿ ಥರ್ಮೋಸ್ಟಾಟ್ ಓಪನ್ ಆಗುತ್ತೆ, ಆಗ ಗುಳುಗುಳು ಅಂತ ಗುಳ್ಳೆ ಬಂದು ಲೆವೆಲ್ ದಬಕ್ಕಂತ ಇಳಿಯುತ್ತೆ, ಇಳಿದಂಗೆ ಕೂಲೆಂಟ್ ಸುರೀತಿರಿ, ಕೈಗೆ ದಪ್ಪ ಬಟ್ಟೆ ಸುತ್ಕೊಂಡು ಮೇಲಿನ ಹೋಸ್ ಹಿಚುಕ್ತಿರಿ. ಫ್ಯಾನ್ ಎರಡು ಸಲ ಆನ್ ಆಫ್ ಆದ್ಮೇಲೆ ಕ್ಯಾಪ್ ಹಾಕಿ. ಗುಳ್ಳೆ ನಿಲ್ಲದೇ ಬರ್ತಾನೇ ಇದ್ರೆ ಮಾತ್ರ ಹೆಡ್ ಗ್ಯಾಸ್ಕೆಟ್ (ಇಂಜಿನ್ ಬ್ಲಾಕ್‌ಗೂ ಮೇಲಿನ ಹೆಡ್‌ಗೂ ಮಧ್ಯ ಇರೋ ಸೀಲ್) ಹೋಗಿದೆ ಅಂತ ಅನುಮಾನ ಪಡಿ. ಥರ್ಮೋಸ್ಟಾಟ್ ತೆಗೆದ್ರೆ ಇಂಜಿನ್ ಬೇಗ ಬಿಸಿಯಾಗದೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ ಅಷ್ಟೆ.

ಹಾಸನದ ಸ್ಪ್ಯಾನರ್:
ಮೆಣಸು ಸರ್ ಹೇಳಿದ್ದು ಸರಿ, ಆದ್ರೆ ಬೋರ್‌ವೆಲ್ ನೀರು ಯಾಕ್ರೀ ಹಾಕಿದ್ರಿ, ಬಿಸಿನೀರಿನ ಹಂಡೆ ಒಳಗೆ ಬಿಳಿ ಪೊರೆ ಕಟ್ಟಲ್ವಾ ಅದೇ ಕಥೆ ಅಲ್ಲೂ. ಡಿಸ್ಟಿಲ್ಡ್ ವಾಟರ್ ಹಾಕಿ ಇನ್ನೊಂದ್ಸಲ ಫ್ಲಷ್ ಮಾಡಿ. ನಿಮ್ಮ ಕೂಲೆಂಟ್ ರೆಡಿಮಿಕ್ಸಾ (ನೀರು ಮೊದಲೇ ಬೆರೆಸಿರೋದು) ಕಾನ್ಸಂಟ್ರೇಟಾ (ನಾವೇ ನೀರು ಬೆರೆಸ್ಬೇಕಾದ್ದು)? ಬ್ಲಾಕಲ್ಲಿ ಉಳಿದ ನೀರು ಸೇರಿ ರೆಡಿಮಿಕ್ಸ್ ತೆಳ್ಳಗಾಗಿರುತ್ತೆ. ಹಸಿರು, ಕೆಂಪು ಅಂತ ಕಲರ್ ನೋಡಿ ಮಿಕ್ಸ್ ಮಾಡ್ಬೇಡಿ, ಕಲರ್‌ಗೆ ಸ್ಟಾಂಡರ್ಡ್ ಇಲ್ಲ. ಕ್ಯಾಪ್ ರಬ್ಬರೂ ನೋಡಿ, ನಿಮ್ಮೂರು ಇರೋದು ಸಾವಿರ ಮೀಟರ್ ಎತ್ತರದಲ್ಲಿ, ಬರೀ ನೀರು 97 ಡಿಗ್ರಿಗೇ ಕುದಿಯುತ್ತೆ, ಕುಕ್ಕರ್ ಗ್ಯಾಸ್ಕೆಟ್ ಸಡಿಲ ಆದಂಗೆ ಕ್ಯಾಪ್ ಪ್ರೆಶರ್ ಹಿಡೀದಿದ್ರೆ ಏರಲ್ಲಿ ಉಕ್ಕೋದೇ.

ಗಿರಿಗಾಡಿ:
ಅಪ್‌ಡೇಟ್. ಡಿಸ್ಟಿಲ್ಡ್ ನೀರಲ್ಲಿ ತೊಳ್ದು ಕಾನ್ಸಂಟ್ರೇಟ್ ಅರ್ಧ ನೀರರ್ಧ ಹಾಕಿ, ದೊಡ್ಡಪ್ಪನ ಎಸ್ಟೇಟ್ ಏರಲ್ಲಿ ನಿಲ್ಲಿಸ್ದೆ. ಗುಳ್ಳೆ ಬಂದಿದ್ದೇ ಬಂದಿದ್ದು, ಇನ್ನೂ 700 ಎಂಎಲ್ ಹಿಡೀತು! ಹೀಟರ್ ಕೆಂಡದಂಗೆ. ಇವತ್ತು ಸೀತಾಳಯ್ಯನಗಿರಿ ತನಕ ಎರಡನೇ ಗೇರಲ್ಲೇ ಹೋದೆ, ಮುಳ್ಳು ಅರ್ಧ ಬಿಟ್ಟು ಕದಲ್ಲಿಲ್ಲ. ಬಕೆಟಲ್ಲಿರೋ ಹಳೇ ಕೂಲೆಂಟ್ ಕಾಫಿ ಗಿಡದ ಬುಡಕ್ಕೆ ಸುರೀಬಹುದಾ?

ಮೂಡಿಗೆರೆ ಮೆಣಸು:
ಅಯ್ಯೋ ಬೇಡ! ವಿಷ ಅದು, ರುಚಿ ಮಾತ್ರ ಸಿಹಿ, ನಾಯಿ ನೆಕ್ಕಿದ್ರೆ ಕಿಡ್ನಿ ಹೋಗಿ ಸಾಯುತ್ತೆ. ಕ್ಯಾನಿಗೆ ತುಂಬ್ಸಿ ಬಿಗಿಯಾಗಿ ಮುಚ್ಚಿ, ಹಳೇ ಆಯಿಲ್ ಕಲೆಕ್ಟ್ ಮಾಡೋ ಸರ್ವಿಸ್ ಸೆಂಟರಲ್ಲಿ ಕೇಳಿ ಕೊಡಿ.

ಗಿರಿಗಾಡಿ:
ಬಕೆಟ್ ಪಕ್ಕದಲ್ಲೇ ಮಲಗಿದೆ ನಮ್ಮ ನಾಯಿ. ಓಡ್ದೆ.