‘ಇಂಜಿನ್ ನಂಬರ್’ ಎಂದರೆ ಯಾವ ನಂಬರು?

ಬಳಗದವರಿಗೆ ನಮಸ್ಕಾರ.

ಮುಧೋಳದ ಕಡೆ ಕಬ್ಬು ಸಾಗಿಸುವ ನಮ್ಮೂರ ಟ್ರ್ಯಾಕ್ಟರಿನವರಿಗಾಗಿ ಒಂದು ಕರಪತ್ರ ಬರೆಯುತ್ತಿದ್ದೇನೆ. ಒಂದೇ ಒಂದು ಪದದ ಹತ್ತಿರ ಕೈ ನಿಂತುಬಿಟ್ಟಿದೆ.

1988ರ ಮೋಟಾರು ವಾಹನ ಕಾಯ್ದೆಯ 61ನೇ ಕಲಮಿನ ಪ್ರಕಾರ ಟ್ರೇಲರಿಗೂ ಬೇರೆ ನೋಂದಣಿ ಬೇಕು. ಆ ನಂಬರು ಅದರ ಮಗ್ಗುಲಿಗೆ ಇರಬೇಕು. ಹಿಂಬದಿಗೆ ಬರಬೇಕಾದದ್ದು ಎಳೆಯುವ ಟ್ರ್ಯಾಕ್ಟರಿನ ನಂಬರು. ಟ್ರೇಲರ್ ಒಂದಕ್ಕಿಂತ ಹೆಚ್ಚಿದ್ದರೆ ಕಟ್ಟಕಡೆಯದರ ಮೇಲೆ.

ಈ ಎಳೆಯುವ ಟ್ರ್ಯಾಕ್ಟರಿಗೆ ನಮ್ಮಲ್ಲಿ ‘ಇಂಜಿನ್’ ಅನ್ನುತ್ತಾರೆ, ಟ್ರೇಲರಿಗೆ ‘ಡಬ್ಬಿ’. “ಡಬ್ಬಿ ಹೊಲದಾಗ ಇರಲಿ, ಇಂಜಿನ್ ಅಷ್ಟ ತಗೊಂಡ್ ಬಾ” ಅನ್ನುವುದು ದಿನದ ಮಾತು. ಈ ಜೋಡಿ ರೈಲಿನಿಂದ ಬಂದಿರಬೇಕೆಂದು ನನ್ನ ಊಹೆ. ಕಾಯ್ದೆಯ ಇಂಗ್ಲಿಷ್ ಪಾಠದಲ್ಲೂ ಸಾಲಾಗಿ ಜೋಡಿಸಿದ ಟ್ರೇಲರುಗಳಿಗೆ ‘ಟ್ರೇನ್’ ಎಂಬ ಮಾತೇ ಇದೆ, ಓದಿ ಖುಷಿಯಾಯಿತು.

ಹಾಗಾಗಿ ‘ಹಿಂದೆ ಇಂಜಿನ್ ನಂಬರ್ ಬರೆಸಿ’ ಎಂದು ಬರೆದೆ. ಕರಡು ಓದಿದ ಚಿಕ್ಕಪ್ಪನ ಮಗ ಆರ್‌ಸಿ ತೆಗೆದು, ಚಾಸಿ ನಂಬರಿನ ಜೊತೆಗಿದ್ದ ಉದ್ದನೆಯ ನಂಬರಿನ ಮೇಲೆ ಬೆರಳಿಟ್ಟು, “ಇದಿಷ್ಟೂ ಹಿಂದ ಬರಸಬೇಕೇನಣ್ಣ?” ಎಂದ. ಕಂಪನಿಯವರು ಇಂಜಿನ್ನಿನ ಮೇಲೆ ಕೊರೆದ ನಂಬರದು! ದಿನಾ ‘ಇಂಜಿನ್’ ಎಂದರೆ ಟ್ರ್ಯಾಕ್ಟರ್ ಎನ್ನುವವನೇ, ಅಚ್ಚಿನಲ್ಲಿ ಕಂಡ ಕೂಡಲೇ ಆರ್‌ಸಿಯ ಅರ್ಥಕ್ಕೆ ಹೋದ.

‘ಟ್ರ್ಯಾಕ್ಟರ್ ನಂಬರ್’ ಎನ್ನಲೇ? ಡಬ್ಬಿ ಸಮೇತ ಇಡೀ ಗಾಡಿಗೂ ಜನ ಟ್ರ್ಯಾಕ್ಟರ್ ಅಂತಲೇ ಅನ್ನುತ್ತಾರೆ. ‘ನೋಂದಣಿ ಗುರುತು’ ಎಂದರೆ ಚುನಾವಣೆಯ ಗುರುತಿನಂತೆ ಏನೋ ಚಿತ್ರವೆಂದು ತಿಳಿದಾರು. ‘ಇಂಜಿನ್ನಿನ ಮುಂದಿನ ಪ್ಲೇಟಿನ ನಂಬರು’ ಎಂಬಲ್ಲಿಗೆ ಬಂದಿದ್ದೇನೆ. ಉದ್ದವಾಯಿತು, ಆದರೆ ತಪ್ಪು ತಿಳಿಯಲು ಜಾಗವಿಲ್ಲ.

ಇನ್ನೊಂದು ಸಣ್ಣದು. ರಾತ್ರಿ ಹಿಂದಿನ ನಂಬರಿನ ಮೇಲೆ ಬಿಳಿ ಬೆಳಕು ಬಿದ್ದು 15 ಮೀಟರ್ ದೂರದಿಂದ ಓದಲು ಬರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮ 105 ಹೇಳುತ್ತದೆ. ಇದನ್ನು ‘ಕಾಣುವಂತೆ’ ಎಂದು ಬರೆಯುವುದು ನನಗೆ ಒಪ್ಪಿಗೆಯಿಲ್ಲ. ರವದಿ (ಕಬ್ಬಿನ ಒಣ ಎಲೆ) ಜೋತುಬಿದ್ದ, ಧೂಳು ಮೆತ್ತಿದ ಪ್ಲೇಟೂ ಕಾಣುತ್ತದೆ, ಅಂಕಿ ಮಾತ್ರ ತಿಳಿಯುವುದಿಲ್ಲ. ‘ಓದಾಕ ಬರೂವಂಗ’ ಎಂದು ಆಡುಮಾತಿನಲ್ಲೇ ಅಚ್ಚು ಹಾಕಿಸಬೇಕೆಂದಿದ್ದೇನೆ.

ಮಂಡ್ಯ, ದಾವಣಗೆರೆ ಕಡೆಯವರು ಡಬ್ಬಿ ಕಳಚಿಟ್ಟ ಟ್ರ್ಯಾಕ್ಟರಿಗೆ ಏನನ್ನುತ್ತೀರಿ? ‘ಮುಂದಿನ ಪ್ಲೇಟಿನ ನಂಬರು’ ಎಂಬುದಕ್ಕಿಂತ ಚಿಕ್ಕ ಮಾತು ನಿಮ್ಮಲ್ಲಿದ್ದರೆ ದಯವಿಟ್ಟು ತಿಳಿಸಿ.