100 ಮಿ.ಮೀ. ಶಾಕ್ ಹಾಕಿದ ಮೇಲೆ ಕ್ರಾಲರ್ ಪಕ್ಕಕ್ಕೆ ಉರುಳುತ್ತಿದೆ, ಟ್ರಾವೆಲ್ ಮಾತ್ರ ಹೆಚ್ಚಾಗಿಲ್ಲ

ಬಂಡೆಹುಚ್ಚ:
ಎಲ್ಲರಿಗೂ ನಮಸ್ಕಾರ. ನನ್ನ ಹತ್ತಿರ ಇರುವುದು ಬಂಡೆ ಹತ್ತುವ ರಿಮೋಟ್ ಕಂಟ್ರೋಲ್ ಗಾಡಿ (ಕ್ರಾಲರ್), ಆಕ್ಸಿಯಲ್ ಎಸ್‌ಸಿಎಕ್ಸ್10 ಟೂ. 1/10 ಸ್ಕೇಲ್, ವೀಲ್‌ಬೇಸ್ (ಮುಂದಿನ ಹಿಂದಿನ ಗಾಲಿಗಳ ನಡುವಿನ ದೂರ) 313 ಮಿ.ಮೀ., 1.9 ಇಂಚಿನ ರಿಮ್ಮಿಗೆ ಕೂರುವ ಟಯರ್. ಓಡಿಸುವುದು ಹೆಚ್ಚಾಗಿ ರಾಮನಗರದ ಕಡೆಯ ಬಂಡೆಗಳ ಮೇಲೆ. ಮೊದಲು 90 ಮಿ.ಮೀ. ಶಾಕ್ ಇತ್ತು. ಟ್ರಾವೆಲ್ (ಶಾಕ್ ಕುಗ್ಗಿ ಹಿಗ್ಗುವ ದೂರ) ಜಾಸ್ತಿ ಸಿಗಲಿ ಅಂತ 100 ಮಿ.ಮೀ. ಅಲ್ಯೂಮಿನಿಯಂ ಶಾಕ್ ತರಿಸಿ ಹಾಕಿದೆ. ಈಗ ನೋಡಲು ಜೋರಾಗಿದೆ, ಆದರೆ ಅಡ್ಡ ಇಳಿಜಾರಿನಲ್ಲಿ ಸುಮ್ನೆ ಮಗುಚಿ ಬೀಳುತ್ತದೆ. ಒಂದು ಗಾಲಿ ಕಲ್ಲು ಹತ್ತಿದರೆ ಇನ್ನೊಂದು ಗಾಳಿಯಲ್ಲಿ ತಿರುಗುತ್ತಾ ನಿಲ್ಲುತ್ತದೆ. ಹಿಂದಿನ ಡ್ರೈವ್‌ಶಾಫ್ಟ್ (ಗೇರ್‌ಬಾಕ್ಸಿನಿಂದ ಆಕ್ಸಲಿಗೆ ತಿರುಗುವ ಬಲ ಒಯ್ಯುವ ಕಂಬಿ) ಒಮ್ಮೆ ಕಳಚಿಕೊಂಡಿತು ಕೂಡ. ಶಾಕ್ ಉದ್ದವಾದರೆ ಟ್ರಾವೆಲ್ ಹೆಚ್ಚಾಗಬೇಕಲ್ವಾ?

ಪುಟ್ಟಗಿಯರ್:
ಶಾಕಿಗೆ ಗಟ್ಟಿ ಆಯಿಲ್ ಹಾಕಿ ಬ್ರದರ್. 60 ವೇಟ್ (ಆಯಿಲ್ ಎಷ್ಟು ಗಟ್ಟಿ ಅನ್ನುವ ಅಂಕ) ಹಾಕಿದರೆ ಓಲಾಡುವುದು ನಿಲ್ಲುತ್ತದೆ.

ಹಳೇಸ್ಪ್ಯಾನರ್:
ಆಯಿಲ್ ಮುಟ್ಟಬೇಡಿ ಸದ್ಯಕ್ಕೆ. ಶಾಕ್ ಎಷ್ಟು ಬೇಗ ಆಡುತ್ತದೆ ಅನ್ನುವುದನ್ನು ಆಯಿಲ್ ನೋಡಿಕೊಳ್ಳುತ್ತದೆ, ಎಷ್ಟು ದೂರ ಆಡುತ್ತದೆ ಅನ್ನುವುದನ್ನಲ್ಲ. ಕ್ರಾಲರ್ ನಡೆಯುವ ವೇಗಕ್ಕೆ ಅದರ ಕೆಲಸ ಕಡಿಮೆಯೇ.

ಮೊದಲು ಅಳತೆ ಕೊಡಿ. ಮೇಲಿನ ಸ್ಕ್ರೂ ತೂತಿನ ಮಧ್ಯದಿಂದ ಕೆಳಗಿನ ತೂತಿನ ಮಧ್ಯಕ್ಕೆ ಅಳೆಯಿರಿ. ಹಳೇ ಶಾಕ್ ಪೂರ್ತಿ ಎಳೆದಾಗ ಎಷ್ಟು, ಪೂರ್ತಿ ಒತ್ತಿದಾಗ ಎಷ್ಟು? ಹೊಸದು ಎಷ್ಟೆಷ್ಟು? ಆಮೇಲೆ ಬ್ಯಾಟರಿ, ಬಾಡಿ ಎಲ್ಲ ಹಾಕಿ, ಗಾಡಿಯನ್ನು ಎರಡು ಮೂರು ಸಲ ಅದುಮಿ ಬಿಟ್ಟು, ನಿಂತ ಸ್ಥಿತಿಯಲ್ಲಿ ಎಷ್ಟಿದೆ ಅಂತಲೂ ನೋಡಿ.

ಬಂಡೆಹುಚ್ಚ:
ಹಳೇದು ಎಳೆದಾಗ 90, ಒತ್ತಿದಾಗ 61. ಹೊಸದು ಎಳೆದಾಗ 100, ಒತ್ತಿದಾಗ 70. ನಿಂತಾಗ 97. ಹಿಂದೆ ಮುಂದೆ ಹೆಚ್ಚುಕಡಿಮೆ ಒಂದೇ.

ಹಳೇಸ್ಪ್ಯಾನರ್:
ಉತ್ತರ ಇಲ್ಲೇ ಇದೆ ಸರ್. ಹಳೇ ಶಾಕಿನ ಟ್ರಾವೆಲ್ 29 ಮಿ.ಮೀ., ಹೊಸದರದ್ದು 30. ನಿಮಗೆ ಸಿಕ್ಕಿದ್ದು 1 ಮಿ.ಮೀ. ಟ್ರಾವೆಲ್, ಅದರ ಜೊತೆಗೆ ಬೇಡದ ಎತ್ತರ. ಪ್ಯಾಕೆಟ್ ಮೇಲೆ ಬರೆಯುವುದು ಉದ್ದ. ಒಳಗಿನ ಶಾಫ್ಟ್ ಎಷ್ಟು ಚಲಿಸುತ್ತದೆ ಅಂತ ಎಲ್ಲರೂ ಬರೆಯುವುದಿಲ್ಲ. ಬಾಡಿ ಮೇಲೆ ಹೋಯಿತು, ಅದರ ಜೊತೆ ತೂಕವೂ ಮೇಲೆ ಹೋಯಿತು, ಅದಕ್ಕೇ ಅಡ್ಡ ಇಳಿಜಾರಿನಲ್ಲಿ ಮಗುಚುತ್ತಿದೆ.

ಇನ್ನೂ ಮುಖ್ಯವಾದದ್ದು ಆ 97. ಅಂದರೆ ಗಾಡಿ ನಿಂತಾಗ ಶಾಕ್ ಕುಗ್ಗಿರುವುದು 3 ಮಿ.ಮೀ. ಮಾತ್ರ. ಗಾಲಿ ಮೇಲಕ್ಕೆ 27 ಮಿ.ಮೀ. ಹೋಗಬಹುದು, ಕೆಳಕ್ಕೆ ಬರೀ 3. ಬಂಡೆಯ ಮೇಲೆ ನಮಗೆ ಬೇಕಾಗಿರುವುದು ಕೆಳಗಿನ ಲೆಕ್ಕ. ಒಂದು ಗಾಲಿ ಕಲ್ಲು ಹತ್ತಿದಾಗ ಪಕ್ಕದ ಗಾಲಿ ಕೆಳಗಿಳಿದು ನೆಲ ಹುಡುಕಬೇಕು. ಇದನ್ನೇ ಡ್ರೂಪ್ ಅನ್ನುವುದು. ನಿಮ್ಮದು 3 ಮಿ.ಮೀ. ಇಳಿದು ನಿಲ್ಲುತ್ತದೆ. ಆಮೇಲೆ ಗಾಲಿ ಗಾಳಿಯಲ್ಲೇ.

ಹಳೇ 90ರ ಶಾಕನ್ನೇ ವಾಪಸ್ ಹಾಕಿ. ಸ್ಪ್ರಿಂಗ್ ಮೆತ್ತಗಿನದು ಹಾಕಿ, ಮೇಲಿನ ಕಾಲರ್ (ಸ್ಪ್ರಿಂಗನ್ನು ಅದುಮುವ ಬಳೆ) ಪೂರ್ತಿ ಸಡಿಲ ಮಾಡಿ. ನಿಂತಾಗ ಶಾಕ್ 78-80ಕ್ಕೆ ಬರಲಿ. 29ರಲ್ಲಿ 10-12 ಮಿ.ಮೀ. ಕುಗ್ಗಿದರೆ ಸುಮಾರು 35-40 ಶೇಕಡಾ ಆಯಿತು. ಕೆಲವರು ಅರ್ಧಕ್ಕೂ ಇಳಿಸುತ್ತಾರೆ. ನನಗೆ ಇಷ್ಟು ಸಾಕು ಅನ್ನಿಸುತ್ತದೆ, ಯಾಕಂದ್ರೆ ಇನ್ನೂ ಇಳಿಸಿದರೆ ಹೊಟ್ಟೆ ಎಲ್ಲಾ ಕಲ್ಲಿಗೂ ತಾಗುತ್ತದೆ.

ಮುರಕಲ್ಲು:
ಸ್ಪ್ರಿಂಗ್ ಬದಲಿಸುವ ಮೊದಲು ಬಿಗಿ ಎಲ್ಲಿದೆ ಅಂತ ಹುಡುಕಿ ಮಾರಾಯ್ರೇ. ಶಾಕಿನ ಕೆಳಗಿನ ಸ್ಕ್ರೂ ಬಿಚ್ಚಿ ಆಕ್ಸಲನ್ನು ಕೈಯಲ್ಲಿ ಆಡಿಸಿ. ಅದರ ತೂಕಕ್ಕೆ ಅದೇ ಕೆಳಗೆ ಬೀಳಬೇಕು. ಎಲ್ಲಾದರೂ ನಿಂತರೆ ಡ್ರೈವ್‌ಶಾಫ್ಟನ್ನೂ ಬಿಚ್ಚಿ ಮತ್ತೆ ನೋಡಿ. ಆಗ ಸಲೀಸಾಗಿ ಬಿದ್ದರೆ ತಕರಾರು ಶಾಫ್ಟಿನದ್ದು. ಇಲ್ಲದಿದ್ದರೆ ಲಿಂಕಿನ (ಆಕ್ಸಲನ್ನು ಚಾಸಿಗೆ ಹಿಡಿಯುವ ಕಡ್ಡಿ) ರಾಡ್ ಎಂಡ್, ಅಂದರೆ ಅದರ ತುದಿಯ ಬಾಲ್ ಜಾಯಿಂಟ್. ಒಂದು ರಾಡ್ ಎಂಡ್ ಓರೆಯಾಗಿ ತಿರುಗಿ ಕೂತಿದ್ದರೂ ಆಕ್ಸಲ್ ಅರ್ಧಕ್ಕೇ ನಿಲ್ಲುತ್ತದೆ. ಎರಡು ತುದಿಯೂ ಒಂದೇ ಸಮ ಇರುವ ಹಾಗೆ ಲಿಂಕ್ ತಿರುಗಿಸಿ.

ನಮ್ಮ ಕರಾವಳಿ ಕಡೆ ಮುರಕಲ್ಲಿನ ಕೆಂಪು ಪುಡಿ ಈ ಬಾಲ್‌ಗಳ ಒಳಗೆ ಹೋಗಿ ಗಟ್ಟಿಯಾಗುತ್ತದೆ. ಎಣ್ಣೆ ಹಾಕಬೇಡಿ, ಪುಡಿ ಇನ್ನೂ ಅಂಟುತ್ತದೆ. ಬ್ರಷ್‌ನಲ್ಲಿ ಉಜ್ಜಿ ತೊಳೆದು ಒಣಗಿಸಿದರೆ ಸಾಕು.

ಬಂಡೆಹುಚ್ಚ:
ನೋಡಿದೆ. ಮುಂದಿನ ಆಕ್ಸಲ್ ಸಲೀಸಾಗಿ ಬೀಳುತ್ತದೆ. ಹಿಂದಿನದರಲ್ಲಿ ಎಡಗಡೆಯ ಮೇಲಿನ ಲಿಂಕ್ ಬಿಗಿ ಇತ್ತು, ತಿರುಗಿಸಿ ಸರಿ ಮಾಡಿದೆ. 90ರ ಶಾಕ್ ಹಾಕಲು ಕೂತಿದ್ದೇನೆ, ಅದರಲ್ಲಿ ಒಂದು ಪೂರ್ತಿ ಒಳಗೆ ಹೋಗುತ್ತಿಲ್ಲ. ಇನ್ನೊಂದು ಒತ್ತಿ ಬಿಟ್ಟರೆ ಪುಸಕ್ ಪುಸಕ್ ಅನ್ನುತ್ತದೆ.

ಹಳೇಸ್ಪ್ಯಾನರ್:
ಮೊದಲನೆಯದರಲ್ಲಿ ಆಯಿಲ್ ಜಾಸ್ತಿ, ಎರಡನೆಯದರಲ್ಲಿ ಗಾಳಿ. ಶಾಫ್ಟ್ ಒಳಗೆ ಬಂದಾಗ ಅದು ಜಾಗ ಹಿಡಿಯುತ್ತದೆ. ಆಯಿಲ್ ಒತ್ತಿದರೆ ಕುಗ್ಗುವುದಿಲ್ಲ. ಅದಕ್ಕೇ ತುಂಬಿ ಮುಚ್ಚಿದ ಶಾಕ್ ಅರ್ಧದಲ್ಲೇ ಕಲ್ಲಿನಂತಾಗುತ್ತದೆ.

ನಾಲ್ಕನ್ನೂ ಬಿಚ್ಚಿ ಹೊಸದಾಗಿ ತುಂಬಿ. ಶಾಫ್ಟ್ ಕೆಳಗೆ ಎಳೆದಿಟ್ಟು ಅಂಚಿನ ತನಕ ಆಯಿಲ್ ಹಾಕಿ. ನಿಧಾನವಾಗಿ ಮೇಲೆ ಕೆಳಗೆ ಆಡಿಸಿ, ಗುಳ್ಳೆ ಬರುವುದು ನಿಲ್ಲುವ ತನಕ. ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿಡಿ, ಅವಸರ ಬೇಡ. ಆಮೇಲೆ ಮುಚ್ಚಳವನ್ನು ಒಂದೆರಡು ಸುತ್ತು ಮಾತ್ರ ಕೂರಿಸಿ, ಶಾಫ್ಟ್ ನಿಧಾನ ಒಳಗೆ ತಳ್ಳಿ. ಹೆಚ್ಚಿನ ಆಯಿಲ್ ಥ್ರೆಡ್ಡಿನಿಂದ ಹೊರಗೆ ಬರುತ್ತದೆ. ಶಾಫ್ಟ್ ಒಳಗಿರುವಾಗಲೇ ಮುಚ್ಚಳ ಬಿಗಿ ಮಾಡಿ. ಹಳೇ ಬನಿಯನ್ ಬಟ್ಟೆ ಹತ್ತಿರ ಇಟ್ಟುಕೊಳ್ಳಿ, ಸಿಲಿಕಾನ್ ಆಯಿಲ್ ಮೇಜಿನ ಮೇಲೆ ಬಿದ್ದರೆ ಬೇಗ ಹೋಗುವುದಿಲ್ಲ.

30 ವೇಟ್ ಸಾಕು. ಬಾಟಲಿ ಮೇಲೆ 350 ಸಿಎಸ್‌ಟಿ (ಸೆಂಟಿಸ್ಟೋಕ್, ಇದೂ ಗಟ್ಟಿತನದ ಅಳತೆ) ಅಂತ ಇದ್ದರೂ ಹೆಚ್ಚುಕಡಿಮೆ ಅದೇ. ಕೆಲವು ಕಂಪನಿ ವೇಟ್ ಬರೆಯುತ್ತವೆ, ಕೆಲವು ಸಿಎಸ್‌ಟಿ ಬರೆಯುತ್ತವೆ. 350 ನೋಡಿ ಹೆದರಬೇಡಿ.

ಮುರಕಲ್ಲು:
ಡ್ರೈವ್‌ಶಾಫ್ಟ್ ಬಗ್ಗೆಯೂ ಒಂದು ಮಾತು. ಆಕ್ಸಲ್ ಪೂರ್ತಿ ಕೆಳಗೆ ಇಳಿದಾಗ ಶಾಫ್ಟಿನ ಎರಡು ತುಂಡು ಒಂದರೊಳಗೊಂದು ಎಷ್ಟು ಉಳಿದಿವೆ ಅಂತ ನೋಡಿ. ಬರೀ ತುದಿ ಸಿಕ್ಕಿಕೊಂಡಿದ್ದರೆ ಮತ್ತೆ ಕಳಚುತ್ತದೆ. ಪೂರ್ತಿ ಮೇಲೆ ಬಂದಾಗ ಶಾಫ್ಟ್ ತಳ ಮುಟ್ಟಬಾರದು, ಮುಟ್ಟಿದರೆ ಗೇರ್‌ಬಾಕ್ಸಿನ ಬೇರಿಂಗ್ ಮೇಲೆ ಬೀಳುತ್ತದೆ ಹೊಡೆತ. ಎತ್ತರ ಇಳಿಸಿದ ಮೇಲೆ ನಿಮ್ಮದು ತಾನಾಗಿಯೇ ಸರಿಹೋಗಬಹುದು, ಆದರೂ ನೋಡಿ.

ಬಂಡೆಹುಚ್ಚ:
ಮಾಡಿದೆ. ನಿಂತಾಗ 79. ಅಡ್ಡ ಇಳಿಜಾರಿನಲ್ಲಿ ಈಗ ಧೈರ್ಯವಾಗಿ ನಿಲ್ಲುತ್ತದೆ, ಗಾಲಿಗಳು ನೆಲ ಬಿಡುತ್ತಿಲ್ಲ. ಆದರೆ ಹೊಸದೊಂದು ಶುರುವಾಗಿದೆ. ಕಡಿದಾದ ಬಂಡೆ ಹತ್ತುವಾಗ ಥ್ರಾಟಲ್ ಕೊಟ್ಟ ಕೂಡಲೇ ಬಾಡಿ ಒಂದೇ ಕಡೆ ವಾಲುತ್ತದೆ, ಮುಂದಿನ ಒಂದು ಗಾಲಿ ಮೇಲೇಳುತ್ತದೆ. ಯಾವಾಗಲೂ ಅದೇ ಗಾಲಿ.

ಹಳೇಸ್ಪ್ಯಾನರ್:
ಇದು ಟಾರ್ಕ್ ಟ್ವಿಸ್ಟ್. ಡ್ರೈವ್‌ಶಾಫ್ಟ್ ಆಕ್ಸಲನ್ನು ಒಂದು ಕಡೆ ತಿರುಚುತ್ತದೆ, ಚಾಸಿ ಎದುರು ಕಡೆ ವಾಲುತ್ತದೆ. ಸ್ಪ್ರಿಂಗ್ ಗಟ್ಟಿ ಇದ್ದಾಗ ಕಾಣುತ್ತಿರಲಿಲ್ಲ, ಮೆತ್ತಗೆ ಮಾಡಿದಾಗ ಕಾಣಿಸಿತು. ರಾಮನಗರದ ಗ್ರಾನೈಟ್ ಒರಟು, ಟಯರ್ ಜಾರುವುದಿಲ್ಲ, ಹಾಗಾಗಿ ಅಲ್ಲಿ ಇನ್ನೂ ಜಾಸ್ತಿ ಗೊತ್ತಾಗುತ್ತದೆ. ಟ್ರಾಕ್ಸಾಸ್ ಟಿಆರ್‌ಎಕ್ಸ್-4ನಂಥ ಪೋರ್ಟಲ್ ಆಕ್ಸಲ್ ಗಾಡಿಯಲ್ಲಿ ಇದು ಕಡಿಮೆ. ಅಲ್ಲಿ ಗಾಲಿಯ ಹತ್ತಿರವೇ ಇನ್ನೊಂದು ಗೇರ್ ಇರುವುದರಿಂದ ಡ್ರೈವ್‌ಶಾಫ್ಟ್ ಅಷ್ಟು ಬಲ ಹೊರಬೇಕಾಗಿಲ್ಲ.

ನಿಮ್ಮ ಗಾಡಿಗೆ: ಮುಂದೆ ಈಗಿರುವ ಮೆತ್ತಗಿನ ಸ್ಪ್ರಿಂಗ್ ಇರಲಿ, ಹಿಂದೆ ಮಾತ್ರ ಒಂದು ಹಂತ ಗಟ್ಟಿ ಹಾಕಿ. ಹತ್ತುವಾಗ ತೂಕ ಹಿಂದಕ್ಕೆ ಬೀಳುವುದರಿಂದ ಹೇಗಿದ್ದರೂ ಅಲ್ಲಿ ಸ್ವಲ್ಪ ಗಟ್ಟಿ ಬೇಕು. ಆಮೇಲೂ ಉಳಿದರೆ, ಹಿಂದೆ ಬಾಡಿ ಕುಸಿಯುವ ಕಡೆಯ ಕಾಲರ್ ಒಂದು ಸುತ್ತು ಬಿಗಿ ಮಾಡಿ. ಜಾಸ್ತಿ ಬೇಡ, ನಿಂತಾಗಲೇ ಓರೆಯಾಗುತ್ತದೆ.

ಪುಟ್ಟಗಿಯರ್:
ಹಿಂಬದಿ ಎಗರಿ ಟಯರ್ ಕುಣಿಯುತ್ತಿದ್ದರೆ? ನನ್ನದು ಹಾಗೆ ಮಾಡುತ್ತದೆ.

ಹಳೇಸ್ಪ್ಯಾನರ್:
ಅದು ಬೇರೆ ಕಾಯಿಲೆ, ಆಂಟಿ-ಸ್ಕ್ವಾಟ್ (ಥ್ರಾಟಲ್ ಕೊಟ್ಟಾಗ ಹಿಂಬದಿ ಕುಸಿಯದಂತೆ ಲಿಂಕ್ ತಡೆಯುವುದು) ಜಾಸ್ತಿ ಇದೆ. ಹಿಂದಿನ ಮೇಲಿನ ಲಿಂಕ್ ಚಾಸಿ ಕಡೆ ಒಂದು ತೂತು ಮೇಲಕ್ಕೆ ಹಾಕಿ ನೋಡಿ. ಮೇಲಿನ ಕೆಳಗಿನ ಲಿಂಕ್‌ಗಳು ಪಕ್ಕದಿಂದ ನೋಡಿದಾಗ ಸಮಾನಾಂತರಕ್ಕೆ ಹತ್ತಿರವಾದಷ್ಟೂ ಆ ಎಗರುವಿಕೆ ಇಳಿಯುತ್ತದೆ.

ಬಂಡೆಹುಚ್ಚ:
ಹಿಂದೆ ಗಟ್ಟಿ ಸ್ಪ್ರಿಂಗ್ ಹಾಕಿದೆ. ವಾಲುವುದು ಪೂರ್ತಿ ಹೋಗಿಲ್ಲ, ಆದರೆ ಗಾಲಿ ಏಳುತ್ತಿಲ್ಲ. ಮನೆಯಲ್ಲೇ ಟ್ರಾವೆಲ್ ಪರೀಕ್ಷೆ ಮಾಡಲು ಏನಾದರೂ ದಾರಿ ಇದೆಯಾ? ಪ್ರತಿ ಸಲ ರಾಮನಗರಕ್ಕೆ ಹೋಗಲಾಗುವುದಿಲ್ಲ.

ಮುರಕಲ್ಲು:
ಪುಸ್ತಕ ಜೋಡಿಸಿ. ಮುಂದಿನ ಎಡ ಗಾಲಿಯ ಕೆಳಗೆ ಒಂದೊಂದಾಗಿ ಇಡುತ್ತಾ ಹೋಗಿ, ಬೇರೆ ಯಾವುದಾದರೂ ಗಾಲಿ ಏಳುವ ತನಕ. ಆ ಎತ್ತರ ಬರೆದಿಡಿ. ಬಲಕ್ಕೂ ಹಾಗೇ. ಎರಡೂ ಒಂದೇ ಬರಬೇಕು. ಒಂದು ಕಡೆ ಕಡಿಮೆ ಬಂದರೆ ಮತ್ತೆ ಲಿಂಕ್ ನೋಡಿ. ದೊಡ್ಡ ಜೀಪಿನವರು ಇದನ್ನೇ 20 ಡಿಗ್ರಿ ರಾಂಪ್ ಮೇಲೆ ಮಾಡುತ್ತಾರೆ. ಗಾಲಿ ಎದ್ದಾಗ ರಾಂಪ್ ಮೇಲೆ ಎಷ್ಟು ದೂರ ಹತ್ತಿತ್ತು ಅನ್ನುವುದನ್ನು ವೀಲ್‌ಬೇಸಿನಿಂದ ಭಾಗಿಸಿ 1000ದಿಂದ ಗುಣಿಸುತ್ತಾರೆ. ಹಲಗೆ ಇದ್ದರೆ ನೀವೂ ಮಾಡಬಹುದು, 313 ಮಿ.ಮೀ. ಹತ್ತಿದರೆ 1000 ಅಂಕ.

ಬಂಡೆಹುಚ್ಚ:
ಥ್ಯಾಂಕ್ಸ್ ಸರ್. ಕೊನೆಗೊಂದು: ಆ 100ರ ಶಾಕ್ ಮಾರಿಬಿಡಲಾ?

ಹಳೇಸ್ಪ್ಯಾನರ್:
ಸ್ಪ್ರಿಂಗಿನ ವ್ಯಾಸ 90ರ ಶಾಕಿಗೆ ಕೂರುತ್ತದಾ ನೋಡಿ. ಕೂತರೆ ಅವನ್ನು ತೆಗೆದಿಟ್ಟುಕೊಂಡು, ಹಳೇ ಗಟ್ಟಿ ಜೋಡಿ ಹಾಕಿ ಮಾರಿ. ತಗೊಳ್ಳುವವರಿಗೆ ಒತ್ತಿದಾಗ 70 ಅಂತ ಮೊದಲೇ ಹೇಳಿ.