ಯೂರೋವಿಷನ್ ಗೀತಸ್ಪರ್ಧೆಯಲ್ಲಿ ಆಸ್ಟ್ರೇಲಿಯಾ ಏಕೆ?

ಸಂಗೀತ ವಿದ್ಯಾರ್ಥಿ, ಧಾರವಾಡ:
ಯೂರೋಪಿಗೆ ಸೇರದ ಆಸ್ಟ್ರೇಲಿಯಾ, ಯೂರೋಪಿನ ದೇಶಗಳ ನಡುವೆ ವರ್ಷಕ್ಕೊಮ್ಮೆ ನಡೆಯುವ ಈ ಸ್ಪರ್ಧೆಗೆ ಹಾಡು ಕಳುಹಿಸುವುದು ಹೇಗೆ? 2016ರಲ್ಲಿ ತೀರ್ಪುಗಾರರು ಅದಕ್ಕೇ ಅತಿ ಹೆಚ್ಚು ಅಂಕ ಕೊಟ್ಟರೂ ಗೆದ್ದದ್ದು ಉಕ್ರೇನ್ ಏಕೆ? ತಿಳಿದವರು ದಯವಿಟ್ಟು ವಿವರಿಸಬೇಕು.

ಹುಬ್ಬಳ್ಳಿಯ ಓದುಗ:
ಇಲ್ಲಿ ಸ್ಪರ್ಧಿಸುವುದು ಸರ್ಕಾರವಲ್ಲ, ಪ್ರಸಾರ ಸಂಸ್ಥೆ. ಅಲ್ಲಿನ ಎಸ್‌ಬಿಎಸ್ ವಾಹಿನಿ 1983ರಿಂದ ಸ್ಪರ್ಧೆಯನ್ನು ಬಿತ್ತರಿಸುತ್ತ ಬಂದಿದ್ದರಿಂದ, 2015ರಲ್ಲಿ 60ನೆಯ ಸ್ಪರ್ಧೆಯ ನೆಪದಲ್ಲಿ ವಿಶೇಷ ಆಹ್ವಾನ ದೊರೆಯಿತು. ಆ ವರ್ಷ ಆಸ್ಟ್ರೇಲಿಯಾದ ಗಾಯಕ ಗೈ ಸೆಬಾಸ್ಟಿಯನ್ ಐದನೆಯವರಾದರು, ಆಹ್ವಾನವೂ ಮುಂದುವರಿಯಿತು.

ನಿವೃತ್ತ ಉಪನ್ಯಾಸಕಿ, ಗದಗ:
2016ರಲ್ಲಿ ಆಸ್ಟ್ರೇಲಿಯಾದ ಗಾಯಕಿ ಡಾಮಿ ಇಮ್ ಅವರಿಗೆ ತೀರ್ಪುಗಾರರಿಂದ 320, ಪ್ರೇಕ್ಷಕರಿಂದ 191, ಒಟ್ಟು 511 ಅಂಕಗಳು ಬಂದವು. ಉಕ್ರೇನಿನ ಜಮಾಲಾ ಅವರಿಗೆ ಕ್ರಮವಾಗಿ 211 ಮತ್ತು 323 ಬಂದು ಮೊತ್ತ 534 ಆಯಿತು. ಪ್ರೇಕ್ಷಕರ ಮತದಲ್ಲಿ ಮೊದಲಿದ್ದ ರಷ್ಯಾ ಮೂರನೆಯ ಸ್ಥಾನಕ್ಕೆ ನಿಂತಿತು, ಅಂದರೆ ಎರಡೂ ಕಡೆ ಎರಡನೆಯದಾಗಿದ್ದ ಹಾಡು ಗೆದ್ದಿತು. ನನ್ನ ಮಟ್ಟಿಗೆ ಇದು ಅನ್ಯಾಯವಲ್ಲ.

ಸಂಗೀತ ವಿದ್ಯಾರ್ಥಿ, ಧಾರವಾಡ:
ಧನ್ಯವಾದಗಳು ಮೇಡಂ. ಹಾಡು ಮೂರು ನಿಮಿಷ ಮೀರಬಾರದೆಂಬ ನಿಯಮವಿದೆಯಂತೆ. ನಿಧಾನ ಗತಿಯ ಹಿಂದೂಸ್ತಾನಿ ಗಾಯನವಾದ ವಿಲಂಬಿತ ಖಯಾಲ್ ಕೇಳಿ ಬೆಳೆದ ನಮಗೆ ಅಷ್ಟರಲ್ಲಿ ರಾಗವೇ ತೆರೆದುಕೊಳ್ಳುವುದಿಲ್ಲ.

ನಿವೃತ್ತ ಉಪನ್ಯಾಸಕಿ, ಗದಗ:
ನಿಯಮವಿರುವುದು ನಿಜ, ಮುಖ್ಯ ಗಾಯನವನ್ನು ವೇದಿಕೆಯ ಮೇಲೆಯೇ ಹಾಡಬೇಕು, ವಾದ್ಯಗಳನ್ನು ಮೊದಲೇ ಮುದ್ರಿಸಿಕೊಂಡಿರುತ್ತಾರೆ, 2021ರಿಂದ ಹಿನ್ನೆಲೆ ಗಾಯನವನ್ನೂ ಹಾಗೆ ಮುದ್ರಿಸಬಹುದು. ಆದರೆ ತಮ್ಮ ಆಕ್ಷೇಪವನ್ನು ನಾನು ಪೂರ್ತಿ ಒಪ್ಪಲಾರೆ. ಗಂಗೂಬಾಯಿ ಹಾನಗಲ್ ಅವರು 1930ರ ದಶಕದಲ್ಲಿ ‘ಗಾಂಧಾರಿ ಹುಬ್ಳಿ’ ಎಂಬ ಹೆಸರಿನಲ್ಲಿ ಹಾಡಿದ ಗ್ರಾಮಫೋನ್ ತಟ್ಟೆಗಳ ಒಂದು ಬದಿಯೂ ಸುಮಾರು ಮೂರೇ ನಿಮಿಷದ್ದು.